ಕೋರ್ಟಿನ ಅಳಿಯ

ಅವನನ್ನ ನಾನೇ ಮುಗಿಸಬೇಕು ಅಂತಿದ್ದೆ. ನನ್ನ ಕೈಯಾರೆ, ನಿಧಾನಕ್ಕೆ, ತಿಂಗಳು ತಿಂಗಳೂ. ಅಷ್ಟರಲ್ಲಿ ಮಾಲೀಕ ಒಂದೇ ಮಾತಲ್ಲಿ ಅವನನ್ನ ಮುಗಿಸಿಬಿಟ್ಟ. ನನಗೆ ಮೈಯೆಲ್ಲ ಉರಿದಿದ್ದು ಅದಕ್ಕೇ.

ಅವನು ಅಂದ್ರೆ ನನ್ನ ಗಂಡ ಆಗಿದ್ದವನು. ಈಗ ಏನೂ ಅಲ್ಲ. ನನ್ನ ಮಗಳ ಅಪ್ಪ, ಅಷ್ಟೇ.

ಇಬ್ಬರಿಗೂ ಒಂದೇ ಲಾಂಡ್ರಿಯಲ್ಲಿ ಕೆಲಸ. ಬೀದಿ ಮೂಲೆಯ ಇಸ್ತ್ರಿ ಅಂಗಡಿ ಅಲ್ಲ. ಆಸ್ಪತ್ರೆ ಚಾದರ, ಹೋಟೆಲ್ ಚಾದರ ಲಾರಿಗಟ್ಟಲೆ ಬಂದು ಬೀಳೋ ಜಾಗ. ಒಗೆಯೋದು ಮಿಷನ್ನು, ಹಿಂಡೋದು ಮಿಷನ್ನು, ಮಿಕ್ಕಿದ್ದೆಲ್ಲ ನಾವು. ಒಗೆದ ಚಾದರಾನ ಬಿಸಿ ರೋಲರಿಗೆ ಕೊಡೋಕೆ ಇಬ್ಬರು ಬೇಕು. ಈ ತುದಿಗೊಬ್ಬರು, ಆ ತುದಿಗೊಬ್ಬರು. ಒಂದೇ ಹೊತ್ತಿಗೆ ಎಳೀಬೇಕು, ಒಂದೇ ಹೊತ್ತಿಗೆ ಬಿಡಬೇಕು. ಒಬ್ಬರು ಚೂರು ತಡ ಮಾಡಿದ್ರೂ ಬಟ್ಟೆ ಸೊಟ್ಟ ಹೋಗಿ ಸುತ್ತಿಕೊಳ್ಳುತ್ತೆ. ಬಿಡಿಸೋಕೆ ಹೋದವರ ಕೈ ಸುಡುತ್ತೆ. ನನ್ನ ಕೈ ನೋಡಿ, ಮೊಣಕೈವರೆಗೂ ಸುಟ್ಟ ಗೆರೆ. ಇಂಥ ಕೆಲಸಕ್ಕೆ ಒಂದು ಜೋಡಿ ಪಳಗೋಕೆ ವರ್ಷವೇ ಹಿಡಿಯುತ್ತೆ. ನಾವಿಬ್ಬರು ಮದುವೆಗೆ ಮುಂಚೆಯೇ ಪಳಗಿದ್ವಿ. ಡೈವೋರ್ಸ್ ಆದಮೇಲೂ ಮೇಸ್ತ್ರಿ ನಮ್ಮನ್ನ ಬೇರೆ ಮಾಡಲಿಲ್ಲ. "ಮನೆ ಜಗಳ ಮನೇಲಿಟ್ಟು ಬನ್ನಿ. ನಿಮ್ಮಷ್ಟು ಬಟ್ಟೆ ಇನ್ಯಾವ ಜೋಡೀನೂ ತೆಗೆಯಲ್ಲ" ಅಂದ. ಹಂಗಾಗಿ ಎರಡು ವರ್ಷ ಒಂದೂ ಮಾತಾಡದೆ ಜೊತೆಗೆ ಚಾದರ ಎಳೆದಿದೀವಿ. ಅವನು ಎಳೆಯೋ ರೀತಿಯಲ್ಲೇ ಹಿಂದಿನ ದಿನ ಎಷ್ಟು ಕುಡಿದಿದಾನೆ ಅಂತ ನನಗೆ ಗೊತ್ತಾಗ್ತಿತ್ತು.

ಮಗಳಿಗೆ ಉಬ್ಬಸ. ಚೂರು ಥಂಡಿ ತಾಕಿದ್ರೆ ಸಾಕು, ಎದೆ ಗೊರಗೊರ ಅನ್ನುತ್ತೆ. ಬೆಳಿಗ್ಗೆ ಸಂಜೆ ಬಾಯಿಗೆ ಪಂಪು ಹಿಡಿದು ಔಷಧಿ ಎಳೀಬೇಕು. ಪಂಪು ಖಾಲಿಯಾದ ದಿನ ಅವಳನ್ನ ಎದೆಗೆ ಒರಗಿಸ್ಕೊಂಡು ಕೂತಿರ್ತೀನಿ. ಪುಟ್ಟ ಕುತ್ತಿಗೆಯ ಗುಳಿ ಒಳಗೊಳಗೇ ಹೋಗ್ತಾ ಇರುತ್ತೆ. ಅವಳಪ್ಪನಿಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ಬಿಡಿಗಾಸು ಕೊಡಲಿಲ್ಲ. ಯಾರ ಕೈಲಿ ಹೇಳಿ ಕಳಿಸಿದ್ರೂ ನಾಳೆ ನಾಳೆ ಅಂದ. ಅವನ ನಾಳೆಗೆ ಬೆಂಕಿ ಬೀಳ! ಕೊನೆಗೆ ಕೋರ್ಟಿಗೆ ಹೋದೆ. ಹೋದ ದಿನದಿಂದ ಅವನನ್ನ 'ರೀ' ಅನ್ನೋದು ಬಿಟ್ಟೆ.

ಮಗಳ ಜೀವನಾಂಶಾನ ಸಂಬಳ ಅವನ ಕೈ ಸೇರೋ ಮುಂಚೇನೇ ಹಿಡಿದು ಕಟ್ಟಬೇಕು ಅಂತ ಕೋರ್ಟು ನೇರವಾಗಿ ಮಾಲೀಕನಿಗೇ ಆರ್ಡರ್ ಮಾಡ್ತು. ಮೊದಲನೇ ತಿಂಗಳು ಸಂಬಳದ ಕವರ್ ಬಿಚ್ಚಿದಾಗ ಅವನ ಮುಖ ನೋಡಬೇಕಿತ್ತು. ನಾನು ನೋಡಿದೆ. ಕಣ್ತುಂಬಾ ನೋಡಿದೆ. ಅವತ್ತು ನನಗೆ ಎರಡು ತುತ್ತು ಜಾಸ್ತಿ ಸೇರಿತು.

ಮಾಲೀಕನಿಗೆ ಮಾತ್ರ ಇದು ಗಂಟಲಲ್ಲಿ ಸಿಕ್ಕ ಮುಳ್ಳು. ದುಡ್ಡು ಹಿಡಿದು ಕಟ್ಟಿದೀಯಾ ಅಂತ ಕೋರ್ಟು ಆತನನ್ನೂ ಕೇಳುತ್ತಲ್ಲ, ಅದನ್ನ ಆತನಿಗೆ ತಡ್ಕೊಳ್ಳೋಕೆ ಆಗಲಿಲ್ಲ. ಮೇಲುಗಡೆ ಗಾಜಿನ ಕ್ಯಾಬಿನ್ನಲ್ಲಿ ಕೂತಿರ್ತಾನೆ ಆತ. ಮಿಷನ್ ಸದ್ದಿಗೆ ಮಾತು ಕೇಳಲ್ಲ ಅಂತ ಮೈಕು. ಒಳಗೆ ಎರಡು ಸ್ಪೀಕರು, ಗೇಟಿನ ಮೇಲೆ ಲಾರಿ ಡ್ರೈವರುಗಳಿಗೆ ಅಂತ ಇನ್ನೊಂದು. ಆ ಮೈಕಲ್ಲಿ ನಮ್ಮನ್ನ ಬೈಯದೆ ಆತನಿಗೆ ಕಾಫಿ ಇಳಿಯಲ್ಲ. ಯಾರು ಎಷ್ಟು ಸಲ ಪಾಯಿಖಾನೆಗೆ ಹೋದ್ರು, ಯಾರ ಹೆರಿಗೆ ಯಾವಾಗ, ಯಾರು ಸಾಲ ಕೇಳಿದ್ರು, ಎಲ್ಲಾ ಮೈಕಲ್ಲೇ.

ಸಂಬಳದ ದಿನ ಬಂತು ಅಂದ್ರೆ ಶುರು. "ಎಲ್ಲಿ ನಮ್ಮ ಕೋರ್ಟಿನ ಅಳಿಯಂದ್ರು? ದಯಮಾಡಿಸಬೇಕು. ನಿಮ್ಮ ಮಾವನ ಮನೆಯವರು ಅರ್ಧ ಸಂಬಳ ತಗೊಂಡು ಹೋದ್ರು, ಉಳಿದಿದ್ದು ತಗೊಳ್ಳಿ."

ಎಲ್ಲರೂ ಬಿದ್ದು ಬಿದ್ದು ನಗೋರು. ಕೋರ್ಟಿನ ಅಳಿಯ ಅನ್ನೋದೇ ಅವನ ಹೆಸರಾಗಿ ಹೋಯ್ತು. ನಾನೂ ನಕ್ಕೆ. ಯಾಕೆ ನಗಬಾರದು? ಅವನ ಮಾನ ಹೋಗೋದನ್ನ ನೋಡೋಕೆ ನಾನೂ ಕಾದಿದ್ದವಳೇ.

ಆಮೇಲೆ ಏನಾಯ್ತು ಅಂದ್ರೆ, ಒಗೆಯೋ ಕಡೆ ಕೆಲಸ ಮಾಡೋ ಒಬ್ಬನ ಹೆಂಡತಿ ನನ್ನ ಹುಡುಕ್ಕೊಂಡು ಬಂದಳು. ಯಾವ ಕೋರ್ಟು, ಎಲ್ಲಿ ಅರ್ಜಿ ಕೊಡೋದು ಅಂತ ಕೇಳಿಕೊಂಡು ಹೋದಳು. ಮಾರನೇ ವಾರ ಇನ್ನೊಬ್ಬಳು. ಮಾಲೀಕನ ಕಿವಿಗೆ ಬಿತ್ತು.

ಮಧ್ಯಾಹ್ನದ ಪಾಳಿ. ಆಸ್ಪತ್ರೆ ಚಾದರ ರೋಲರಿಗೆ ಕೊಡ್ತಾ ಇದ್ವಿ. ಬೆವರು ಕಣ್ಣಿಗೆ ಇಳೀತಿತ್ತು. ಮೈಕು ಗರಗರ ಅಂತು.

"ಕೋರ್ಟಿನ ಅಳಿಯಂದ್ರೇ, ನಾಳೆಯಿಂದ ತಾವು ಬರೋದು ಬೇಡ. ನಿಮ್ಮ ಹೆಂಡ್ತಿಗೆ ದುಡ್ಡು ಕಟ್ಟೋ ಗುಮಾಸ್ತ ನಾನಲ್ಲ. ಎಲ್ಲರೂ ಕೇಳಿಸ್ಕೊಳ್ಳಿ! ಯಾರ ಸಂಬಳಕ್ಕೆ ಕೋರ್ಟಿಂದ ಕಾಗದ ಬರುತ್ತೋ ಅವರಿಗೆಲ್ಲ ಇದೇ ಗತಿ. ಹೆಂಡ್ತೀರನ್ನ ಹದ್ದುಬಸ್ತಲ್ಲಿ ಇಟ್ಕೊಳ್ಳಿ, ಇಲ್ಲಾ ಮನೇಲಿ ಕೂತ್ಕೊಳ್ಳಿ."

ಈ ಸಲ ಯಾರೂ ನಗಲಿಲ್ಲ. ಅವನ ಕೈಯಲ್ಲಿ ಚಾದರದ ತುದಿ ಹಾಗೇ ಇತ್ತು. ಹನ್ನೊಂದು ವರ್ಷದ ಕೆಲಸ. ಹೇಡಿ. ಆ ಚಾದರಾನ ರೋಲರಿಗೆ ಕೊಟ್ಟು ಮುಗಿಸಿ, ಏಪ್ರನ್ ಬಿಚ್ಚಿ ಕೊಕ್ಕೆಗೆ ನೇತುಹಾಕಿದ. ಎರಡು ವರ್ಷದಲ್ಲಿ ಮೊದಲನೇ ಸಲ ನನ್ನ ಮುಖ ನೋಡಿ ಮಾತಾಡಿದ.

"ತಣ್ಣಗಾಯ್ತಾ ಹೊಟ್ಟೆ?"

ಎಲ್ಲಿ ತಣ್ಣಗಾಗುತ್ತೆ? ಅವನಿಗೆ ಸಂಬಳ ಇಲ್ಲ ಅಂದ್ರೆ ಕಡಿತ ಇಲ್ಲ. ಕಡಿತ ಇಲ್ಲ ಅಂದ್ರೆ ಮಗಳಿಗೆ ಪಂಪು ಇಲ್ಲ. ಮಾಲೀಕ ಅವನ ಕೆನ್ನೆಗೆ ಹೊಡೆದ. ಆದರೆ ಏಟು ಬಿದ್ದಿದ್ದು ನನ್ನ ಮಗಳ ಎದೆಗೆ.

ಅವತ್ತಿಂದ ಎಲ್ಲರೂ ನನ್ನನ್ನ ತಿರುಗಿ ತಿರುಗಿ ನೋಡೋರೇ. "ಗಂಡಸಿನ ಅನ್ನಕ್ಕೆ ಕಲ್ಲು ಹಾಕಿದಳು" ಅಂತ ಅಂದವರು ಹೆಂಗಸರೇ. ಅತ್ತೆ ಆಗಿದ್ದವಳು ನನ್ನ ಬಾಗಿಲಿಗೆ ಬಂದು ಮಣ್ಣು ತೂರಿ ಹೋದಳು. ಮೊಮ್ಮಗಳು ಒಳಗೆ ಕೆಮ್ತಾ ಇತ್ತು. ಅದರ ಮುಖ ಕೂಡ ನೋಡಲಿಲ್ಲ ಪುಣ್ಯಾತ್ಗಿತ್ತಿ.

ಮೂರನೇ ದಿನ ಮಾಲೀಕ ಕ್ಯಾಬಿನ್ನಿಗೆ ಕರೆಸಿದ. ಒಳಗೆ ತಣ್ಣಗೆ ಗಾಳಿ. ನನ್ನ ಒದ್ದೆ ಸೀರೆ ಮೈಗೆ ಅಂಟಿಕೊಂಡು ನಡುಕ ಬಂತು. ಕೂತ್ಕೋ ಅನ್ನಲಿಲ್ಲ.

"ನೋಡು, ನಾನು ಕೆಟ್ಟವನಲ್ಲ. ಜೀವನಾಂಶ ಬೇಡ ಅಂತ ಕೋರ್ಟಿಗೆ ಬರೆದುಕೊಡು. ನಾಳೆ ಬೆಳಿಗ್ಗೆ ಅವನು ಕೆಲಸಕ್ಕೆ ಬರಲಿ. ನಿಮ್ಮ ನಿಮ್ಮಲ್ಲೇ ಕೊಟ್ಟು ತಗೊಂಡು ಮಾಡ್ಕೊಳ್ಳಿ. ಕೋರ್ಟಿಗೂ ನಿಮ್ಮಂಥವರಿಗೂ ಏನು ಸಂಬಂಧ?"

ನಿಮ್ಮಂಥವರು. ಊರಿನ ಹೇಲು, ರಕ್ತ, ವಾಂತಿ ಒಗೆದು ಬಿಳಿ ಮಾಡೋರು. ನಮಗೆ ಕೋರ್ಟು ಯಾಕೆ?

"ಬರೆಯಲ್ಲ ಸಾರ್" ಅಂದೆ.

"ಏನಂದೆ?"

"ಬರೆಯಲ್ಲ. ಅವನಾಗಿ ಕೊಡೋ ಹಂಗಿದ್ರೆ ನಾನು ಕೋರ್ಟಿಗೆ ಯಾಕೆ ಹೋಗ್ತಿದ್ದೆ? ನೀವೂ ಬೇಡ ಅಂತೀರ, ಅವನೂ ಬೇಡ ಅಂತಾನೆ. ಉಸಿರು ಕಟ್ಟೋದು ನಿಮ್ಮಿಬ್ಬರಿಗೂ ಅಲ್ಲವಲ್ಲ."

"ಕೊಬ್ಬು" ಅಂದ. ಅಷ್ಟೇ. ಮೇಜಿನ ಮೇಲಿದ್ದ ಮೈಕು ಎಳ್ಕೊಂಡು ನನ್ನೆದುರೇ ಹೇಳಿದ. "ಮೇಸ್ತ್ರಿ, ಈ ಕೋರ್ಟಿನ ಅಳಿಯನ ಹೆಂಡ್ತೀನ ಕೊಳೆ ರೂಮಿಗೆ ಹಾಕು."

ಕೊಳೆ ರೂಮು ಅಂದ್ರೆ ಆಸ್ಪತ್ರೆ ಗಂಟು ಬಿಚ್ಚೋ ಜಾಗ. ಕಿಟಕಿ ಇಲ್ಲ. ಗಂಟು ಬಿಚ್ಚಿ ರಕ್ತದ್ದು ಬೇರೆ, ಹೇಲಿಂದು ಬೇರೆ, ಬರೀ ಬೆವರಿಂದು ಬೇರೆ ಮಾಡಬೇಕು. ಮಡಿಕೆಯಲ್ಲಿ ಸೂಜಿ ಇರುತ್ತೆ, ಬ್ಲೇಡಿರುತ್ತೆ. ಒಂದು ಸಲ ಕತ್ತರಿಸಿದ ಬೆರಳೇ ಸಿಕ್ಕಿತ್ತಂತೆ. ಅಲ್ಲಿ ಮೊದಲಿಂದ ಇದ್ದವಳು ದೊಡ್ಡಕ್ಕ. ಎಲ್ಲರಿಗೂ ದೊಡ್ಡಕ್ಕಾನೇ, ಕೂದಲೆಲ್ಲ ಬೆಳ್ಳಗಾಗಿದೆ. "ಬಾರವ್ವ" ಅಂದಳು. "ಮೂಗಲ್ಲಿ ಉಸಿರಾಡಬೇಡ, ಬಾಯಲ್ಲಿ ಆಡು. ಗಂಡನ್ನ ಕೆಲಸದಿಂದ ತೆಗೆಸಿದ್ದಕ್ಕೆ ಬಹುಮಾನ ಸಿಕ್ತು ನೋಡು."

"ತೆಗೆಸಿದ್ದು ನಾನಲ್ಲ ದೊಡ್ಡಕ್ಕ."

"ಯಾರಾದ್ರೇನು. ಗ್ಲೌಸು ಹಾಕ್ಕೋ, ಸೂಜಿ ಚುಚ್ಚುತ್ತೆ."

ಸಂಜೆ ಮೈ ಎಷ್ಟು ತಿಕ್ಕಿದ್ರೂ ವಾಸನೆ ಹೋಗಲಿಲ್ಲ. ಮಗಳು ಮೂಗು ಮುಚ್ಕೊಂಡಳು. ಆಗ ಅಂದುಕೊಂಡೆ, ಈ ಮಾಲೀಕನನ್ನ ನಾನು ಬಿಡಲ್ಲ. ಬೇರೆಯವರಿಗೆ ನ್ಯಾಯ ಸಿಗಲಿ ಅಂತಲ್ಲ. ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಆತ ಬಾಯಿ ಮುಚ್ಕೊಂಡು ನಿಂತಿರೋದನ್ನ ನಾನು ನೋಡಬೇಕು, ಅಷ್ಟೇ.

ಜೀವನಾಂಶದ ಕೇಸು ನಡೆಸಿದ ಲಾಯರಮ್ಮನ ಹತ್ರ ಹೋದೆ. ಬಡವರಿಗೆ ಬಿಟ್ಟಿ ಕೇಸು ನಡೆಸೋ ಆಫೀಸು ಅವರದು. ಎಲ್ಲ ಕೇಳಿ ಕನ್ನಡಕ ತೆಗೆದರು.

"ಈ ಕಾರಣಕ್ಕೆ ತೆಗೆಯೋ ಹಂಗೇ ಇಲ್ಲ ಕಣಮ್ಮ. ಸಂಬಳದಲ್ಲಿ ಜೀವನಾಂಶ ಹಿಡೀತಾರೆ ಅಂತ ಕೆಲಸದಿಂದ ತೆಗೆಯೋ ಹಂಗಿಲ್ಲ, ಶಿಕ್ಷೆ ಕೊಡೋ ಹಂಗಿಲ್ಲ. ಹೊಸದಾಗಿ ಕೆಲಸ ಕೇಳಿಕೊಂಡು ಬಂದವನಿಗೂ ಇದೇ ಕಾರಣಕ್ಕೆ ಇಲ್ಲ ಅನ್ನೋ ಹಂಗಿಲ್ಲ. ತೆಗೆದ್ರೆ ವಾಪಸ್ ತಗೋಬೇಕು, ಕೂತಷ್ಟು ದಿನದ ಸಂಬಳ ಕೊಡಬೇಕು, ಮೇಲೆ ದಂಡ."

"ಕಾನೂನು ಇದೆಯಾ ಇದಕ್ಕೆ?"

"ಇದೆ. ಇನ್ನೊಂದೂ ಇದೆ. ಎಷ್ಟೇ ಬಾಕಿ ಇದ್ರೂ ಪೂರ್ತಿ ಸಂಬಳ ಹಿಡಿಯೋ ಹಂಗಿಲ್ಲ. ಅವನ ಹೊಟ್ಟೆಗೂ ಒಂದಿಷ್ಟು ಬಿಡಲೇಬೇಕು."

"ಅವನ ಹೊಟ್ಟೆಗೆ ಯಾಕೆ ಬಿಡಬೇಕು?"

ಲಾಯರಮ್ಮ ನಕ್ಕರು. "ಅವನು ಬದುಕಿದ್ರೆ ತಾನೇ ಮುಂದಿನ ತಿಂಗಳು ದುಡಿಯೋದು?"

ಅದೂ ಸರಿ ಅನ್ನಿಸಿತು. ಆದರೆ ಎರಡು ತೊಡಕಿತ್ತು. ದೂರಿಗೆ ಸಹಿ ಹಾಕಬೇಕಾದವನು ಅವನು, ನಾನಲ್ಲ. ಆಮೇಲೆ, ಮಾಲೀಕ ಈ ಕಾರಣಕ್ಕೇ ತೆಗೆದ ಅನ್ನೋಕೆ ಸಾಕ್ಷಿ ಬೇಕು.

ಅವನ ರೂಮಿಗೆ ಹೋದೆ. ಕಾಲಿಡೋಕೆ ಜಾಗ ಇಲ್ಲದ ರೂಮು. ಗೋಡೆಗೆ ಒರಗಿ ಕೂತಿದ್ದ, ಗಡ್ಡ ಬಿಟ್ಕೊಂಡು. ಕುಡಿಯೋಕೂ ಕಾಸಿಲ್ಲದೆ ಕಣ್ಣು ಮಾತ್ರ ನಿಚ್ಚಳ ಆಗಿತ್ತು.

"ಸಹಿ ಹಾಕು" ಅಂದೆ.

"ನನಗೆ ಕೋರ್ಟು ಬೇಡ. ಮಾಲೀಕರು ಮೇಸ್ತ್ರಿ ಹತ್ರ ಹೇಳಿ ಕಳಿಸಿದಾರೆ. ಇಷ್ಟು ಅಂತ ಒಂದು ಮೊತ್ತ ಕೊಡ್ತಾರಂತೆ, ಸುಮ್ಮನೆ ಹೋಗಬೇಕಂತೆ. ತಗೊಂಡು ಬೇರೆ ಕಡೆ ಹೋಗ್ತೀನಿ."

"ಹೋಗು. ಎಲ್ಲಿಗೆ ಹೋಗ್ತೀಯ? ಹೋದ ಕಡೆಗೆಲ್ಲ ಆರ್ಡರು ಹಿಂದೇನೇ ಬರುತ್ತೆ. ಅಲ್ಲಿಯವನೂ ಹೀಗೇ ಒದ್ದು ಓಡಿಸ್ತಾನೆ. ಎಷ್ಟು ಊರು ಓಡ್ತೀಯ?"

"ನಿನಗೆ ಏನು ಬೇಕೇ? ನಾನು ಹಾಳಾಗಬೇಕು ಅಂತಿದ್ದೆಯಲ್ಲ. ಹಾಳಾದೆ. ಇನ್ನೂ ಏನು?"

"ನೀನು ಹಾಳಾಗೋದಾದ್ರೆ ನನ್ನ ಕೈಯಲ್ಲಿ ಹಾಳಾಗು. ಅವನು ಯಾರು ನಿನ್ನ ಹಾಳು ಮಾಡೋಕೆ? ನಿನ್ನ ಉದ್ಧಾರಕ್ಕೆ ಬಂದೆ ಅಂದುಕೋಬೇಡ. ನೀನು ಅಲ್ಲೇ ದುಡೀಬೇಕು. ನನ್ನ ಕಣ್ಣೆದುರಿಗೆ. ತಿಂಗಳು ತಿಂಗಳೂ ಕಡಿತ ಆಗಬೇಕು, ನೀನು ಕವರ್ ಬಿಚ್ಚಿ ಹಲ್ಲು ಕಡೀಬೇಕು, ನಾನು ನೋಡಬೇಕು. ತಪ್ಪಿಸ್ಕೊಂಡು ಹೋಗೋಕೆ ಬಿಡ್ತೀನಾ ನಿನ್ನ?"

ಕಾಗದ ಕೈಗೆ ತಗೊಂಡ. ಆಮೇಲೆ ಕೇಳಿದ. "ಪಂಪು ಇದೆಯಾ ಅವಳಿಗೆ?"

"ನೀನು ಸಹಿ ಹಾಕಿದ್ರೆ ಇರುತ್ತೆ."

ಹಾಕಿದ. ಪೆನ್ನು ವಾಪಸ್ ಕೊಟ್ಟು ಮತ್ತೆ ಗೋಡೆಗೆ ಒರಗಿದ. ನನಗೆ ಅಯ್ಯೋ ಅನ್ನಿಸಲಿಲ್ಲ. ಸುಳ್ಳು ಯಾಕೆ ಹೇಳಲಿ.

ಸಾಕ್ಷಿಗೆ ಮಾತ್ರ ಒಬ್ಬರೂ ಇಲ್ಲ. ಮೇಸ್ತ್ರಿ ಕೈ ಮುಗಿದ. ರೋಲರ್ ಹೆಂಗಸರು ನನ್ನ ಕಂಡರೆ ಬೇರೆ ದಾರಿ ಹಿಡಿದರು. ನನ್ನ ಹತ್ರ ಕೋರ್ಟಿನ ವಿಳಾಸ ಕೇಳಿಕೊಂಡು ಹೋದವಳು ಬಾಗಿಲೇ ತೆಗೆಯಲಿಲ್ಲ. ದೊಡ್ಡಕ್ಕ ಮಾತ್ರ ನೇರವಾಗಿ ಅಂದಳು. "ಕೇಳಿಸ್ಕೊಂಡಿದೀನಿ ಕಣೆ. ಹೇಳಲ್ಲ. ನನಗೆ ಮನೇಲಿ ಮೊಮ್ಮಕ್ಕಳವೆ." ಅವಳ ಮೇಲೆ ಸಿಟ್ಟು ಬರಲಿಲ್ಲ. ಆದರೆ ಒಬ್ಬೊಬ್ಬರ ಹೆಸರೂ ಮನಸ್ಸಲ್ಲಿ ಬರೆದಿಟ್ಕೊಂಡೆ. ನಾನು ಅಂಥವಳೇ.

ಪಾಳಿ ಮುಗಿಸಿ ಗೇಟಿನ ಹೊರಗೆ ನಿಂತಿದ್ದೆ. ಎದುರುಗಡೆ ಪಂಕ್ಚರ್ ಅಂಗಡಿ. ಟ್ಯೂಬನ್ನ ನೀರಲ್ಲಿ ಮುಳುಗಿಸ್ತಾ ಪಂಕ್ಚರಿನವನು ಕೂಗಿದ.

"ಏನಮ್ಮ ಕೊಳೆ ರೂಮು! ಕೈಗೆ ಸೂಜಿ ಗೀಜಿ ಚುಚ್ಚಲಿಲ್ಲ ತಾನೇ?"

ಆ ಮನುಷ್ಯನ ಜೊತೆ ನಾನು ಯಾವತ್ತೂ ಮಾತಾಡಿದ್ದೇ ಇಲ್ಲ. "ನಿಮಗೆ ಹೆಂಗೆ ಗೊತ್ತು ಅಣ್ಣ?"

"ಹೆಂಗೆ ಗೊತ್ತು ಅಂತೆ!" ಗೇಟಿನ ಮೇಲಿನ ಸ್ಪೀಕರಿಗೆ ಕೈ ತೋರಿಸಿ ಹಲ್ಲು ಕಡಿದ. "ಆ ದರಿದ್ರಾನ ನನ್ನ ಕಿವಿಗೆ ನೇರ ಇಟ್ಟಿದಾನಲ್ಲ ನಿಮ್ಮ ಮಾಲೀಕ. ತಿರುಗಿಸಯ್ಯ ಅಂತ ಕೇಳಿದ್ದಕ್ಕೆ ಅಂಗಡಿ ಎತ್ತಿಸ್ತೀನಿ ಅಂದ. ನಾಲ್ಕು ವರ್ಷದಿಂದ ನಿಮ್ಮ ಲಾಂಡ್ರಿ ರಾಮಾಯಣ ಪೂರ್ತಿ ಬಾಯಿಪಾಠ ನನಗೆ. ಮೊನ್ನೆ ಕೋರ್ಟಿನ ಅಳಿಯನ್ನ ಓಡಿಸಿದನಲ್ಲ, ಹೇಳಲಾ?"

ಹೇಳಿದ. ಒಂದಕ್ಷರ ಬಿಡದೆ. ಅದೇ ದನಿ, ಅದೇ ಎಳೆತ. ನಾನು ರಸ್ತೆ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಒಳಗಿನವರೆಲ್ಲ ಹೆದರಿ ಬಾಯಿ ಹೊಲ್ಕೊಂಡಿದಾರೆ, ಸರಿ. ಬೀದಿಯವರಿಗೆ ಈತ ಸಂಬಳ ಕೊಡ್ತಾನಾ?

"ಅಣ್ಣ, ಇದನ್ನೇ ಕೋರ್ಟಲ್ಲಿ ಬಂದು ಹೇಳ್ತೀರಾ?"

ಪಂಕ್ಚರಿನವನು ಕೈ ಒರೆಸ್ಕೊಂಡು ಎದ್ದು ನಿಂತ. "ಯಾವತ್ತು ಹೇಳು. ಅಂಗಡಿ ಮುಚ್ಚಿ ಬರ್ತೀನಿ."

ಕೋರ್ಟಲ್ಲಿ ಮಾಲೀಕ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿದ್ದ. ನಾವೇ ಒಗೆದ ಅಂಗಿ. ಮುಖದಲ್ಲಿ ಪಾಪದವನ ಕಳೆ. "ಚಾದರ ಸುಡ್ತಿದ್ದ ಸ್ವಾಮಿ. ಎಷ್ಟು ಸಲ ಹೇಳಿದ್ರೂ ತಿದ್ದಿಕೊಳ್ಳಲಿಲ್ಲ. ಕೋರ್ಟಿನ ಆರ್ಡರಿಗೂ ಇದಕ್ಕೂ ಸಂಬಂಧಾನೇ ಇಲ್ಲ. ಕೋರ್ಟು ಅಂದ್ರೆ ನನಗೆ ದೇವರ ಸಮಾನ."

ಮೇಸ್ತ್ರಿ ಹೌದು ಅಂದ. ಮಿಷನ್ ಸದ್ದಿಗೆ ಮೈಕಲ್ಲಿ ಏನು ಹೇಳಿದ್ರೋ ಕೇಳಿಸಲಿಲ್ಲ ಅಂದ. ತಲೆ ಎತ್ತಲಿಲ್ಲ.

ಆಮೇಲೆ ಪಂಕ್ಚರಿನವನು ಕಟಕಟೆ ಹತ್ತಿದ. ಉಗುರಲ್ಲಿ ಇನ್ನೂ ಗ್ರೀಸು. ನೀವು ಏನು ಕೇಳಿದಿರಿ ಅಂತ ಲಾಯರಮ್ಮ ಕೇಳಿದ್ದೇ ತಡ, ಗಂಟಲು ಸರಿ ಮಾಡ್ಕೊಂಡು ಶುರು ಮಾಡಿದ.

"ಕೋರ್ಟಿನ ಅಳಿಯಂದ್ರೇ, ನಾಳೆಯಿಂದ ತಾವು ಬರೋದು ಬೇಡ..."

ಜಡ್ಜು ಪೆನ್ನು ಕೆಳಗಿಟ್ಟರು. "ಯಾರು ಕೋರ್ಟಿನ ಅಳಿಯ?"

"ಅಲ್ಲಿ ನಿಂತಿದಾರಲ್ಲ, ಕೆಲಸ ಹೋದವರು, ಅವರೇ ಸ್ವಾಮಿ. ತಾವು ಸಂಬಳದಲ್ಲಿ ಹಿಡೀರಿ ಅಂತ ಆರ್ಡರ್ ಮಾಡಿದ್ದಕ್ಕೆ ಮಾಲೀಕರು ಅವರಿಗೆ ಇಟ್ಟ ಹೆಸರು. ಸಂಬಳದ ದಿನ ಇನ್ನೂ ಚೆನ್ನಾಗಿರುತ್ತೆ. ನಿಮ್ಮ ಮಾವನ ಮನೆಯವರು ಅರ್ಧ ಸಂಬಳ ತಗೊಂಡು ಹೋದ್ರು ಅಂತಾರೆ. ಮಾವನ ಮನೆ ಅಂದ್ರೆ ಇದೇ, ತಮ್ಮದೇ."

ಹಿಂದೆ ಕೂತಿದ್ದವರು ಗೊಳ್ಳಂತ ನಕ್ಕರು. ಜಡ್ಜು ನಗಲಿಲ್ಲ. ಮಾಲೀಕನನ್ನೇ ನೋಡಿದರು. ಆತನ ಕುತ್ತಿಗೆ ಕಾಲರಿನಿಂದ ಮೇಲಕ್ಕೆ ಕೆಂಪಗಾಗ್ತಾ ಬಂತು. ಏನೋ ಹೇಳೋಕೆ ಬಾಯಿ ತೆಗೆದ. "ಸುಮ್ಮನೆ ನಿಲ್ಲಿ" ಅಂದರು ಜಡ್ಜು. ನಿಂತ. ಬಾಯಿ ಮುಚ್ಕೊಂಡು ನಿಂತ. ನಾನು ಕಣ್ಣು ಮಿಟುಕಿಸದೆ ನೋಡಿದೆ. ಬೇಕಾದವರು ನನ್ನನ್ನ ಕೆಟ್ಟವಳು ಅನ್ನಲಿ. ಅಂಥ ಸುಖ ನನಗೆ ಮದುವೆ ದಿನವೂ ಆಗಿರಲಿಲ್ಲ.

ಲಾಯರಮ್ಮ ಹೇಳಿದ ಹಂಗೇ ಆರ್ಡರಾಯ್ತು. ವಾಪಸ್ ತಗೋಬೇಕು. ಕೂತಷ್ಟು ದಿನದ ಸಂಬಳ ಕೊಡಬೇಕು, ಅದರಲ್ಲೂ ಮಗಳ ಪಾಲು ಹಿಡಿದು ಕಟ್ಟಬೇಕು. ದಂಡ. ಇದೇ ಕಾರಣಕ್ಕೆ ಇನ್ನು ಯಾರಿಗೂ ಕಿರುಕುಳ ಕೊಡಬಾರದು. ನನ್ನ ಬಗ್ಗೆ ಒಂದು ಸಾಲೂ ಇರಲಿಲ್ಲ. ಸಂಬಳ ಹಿಡಿಸಿಕೊಳ್ಳೋನಿಗೆ ಕಾನೂನಿದೆಯಂತೆ, ಹಿಡಿಸಿದವಳಿಗೆ ಇಲ್ಲವಂತೆ. ನಾನು ಕೊಳೆ ರೂಮಲ್ಲೇ ಉಳಿದೆ. ಅದರ ಸಿಟ್ಟು ಬೇರೆ ಇದೆ. ಅದನ್ನೂ ಬಿಡಲ್ಲ.

ಮೆಟ್ಟಿಲ ಮೇಲೆ ಅವನು ಹತ್ತಿರ ಬಂದ. "ಉಪಕಾರ ಆಯ್ತು" ಅಂದ.

"ದೂರ ನಿಂತು ಮಾತಾಡು" ಅಂದೆ.

ಮಾಲೀಕ ಅಷ್ಟಕ್ಕೇ ಬುದ್ಧಿ ಕಲಿಯೋ ಪೈಕಿ ಅಲ್ಲ. ವಾಪಸ್ ಬಂದವನನ್ನ ರೋಲರಿಗೆ ಹಾಕಲಿಲ್ಲ. ಬಾಯ್ಲರ್ ಮನೆಗೆ ಹಾಕಿದ, ಬೂದಿ ತೋಡೋಕೆ. ಒಂದೇ ವಾರದಲ್ಲಿ ಅವನ ಪಾದ ಬೊಬ್ಬೆ ಬಂದು ಒಡೀತು. ಕುಂಟ್ತಾ ಹೋಗೋದನ್ನ ಕೊಳೆ ರೂಮಿನ ಬಾಗಿಲಿಂದ ನೋಡಿದೆ. ನೋಡೋಕೆ ಖುಷಿಯಾಗಿತ್ತು, ಯಾಕೆ ಮುಚ್ಚಿಡಲಿ. ಆದರೆ ಹಿಂಗೇ ಸುಟ್ಕೊಂಡು ಮೂಲೆಗೆ ಬಿದ್ದ ಅಂದ್ರೆ ಕಡಿತ ನಿಂತು ಹೋಗುತ್ತೆ. ಅದಕ್ಕೆ ಮಾಲೀಕ ಕಾದು ಕೂತಿದಾನೆ ಅನ್ನೋದು ಯಾರಿಗೆ ಗೊತ್ತಾಗಲ್ಲ? ಸಂಜೆ ನೇರ ಲಾಯರಮ್ಮನ ಹತ್ರ ಹೋದೆ. ಇದೂ ಶಿಕ್ಷೆಯೇ, ಇದಕ್ಕೂ ದಂಡ ಇದೆ ಅಂತ ಹೇಳಿ ಬರೆಸಿದರು. ಅವನನ್ನ ಕೇಳಲೂ ಇಲ್ಲ, ಕಾಗದ ಮುಂದಿಟ್ಟೆ, ಸಹಿ ಹಾಕಿದ.

ಎರಡನೇ ನೋಟಿಸು ಬಂದ ದಿನ ಕೊಳೆ ರೂಮಿನ ಬಾಗಿಲಲ್ಲಿ ನೆರಳು ಬಿತ್ತು. ಮಾಲೀಕ. ಇಷ್ಟು ವರ್ಷದಲ್ಲಿ ಆತ ಇಲ್ಲಿಗೆ ಕಾಲಿಟ್ಟಿದ್ದು ಅದೇ ಮೊದಲು. ಮೂಗಿಗೆ ಕರ್ಚೀಫು. ನಾನು ರಕ್ತದ ಗಂಟು ಬಿಚ್ತಾ ಇದ್ದೆ. ಎದ್ದು ನಿಲ್ಲಲಿಲ್ಲ. ದೊಡ್ಡಕ್ಕ ಏಳೋಕೆ ಹೋದಳು, ನನ್ನ ಮುಖ ನೋಡಿ ಹಾಗೇ ಕೂತಳು.

"ಅವನನ್ನ ರೋಲರಿಗೆ ಹಾಕಿದೀನಿ" ಅಂದ. ಕರ್ಚೀಫಿನ ಹಿಂದಿಂದ ದನಿ ಸಣ್ಣಗೆ ಬರ್ತಿತ್ತು. "ಆಯ್ತಲ್ಲ? ಇಷ್ಟಕ್ಕೆ ಬಿಡು. ವಕೀಲರಿಗೆ ಸುರಿದು ಸುರಿದು ಸಾಕಾಗಿದೆ ನನಗೆ. ಇನ್ನೂ ಎಷ್ಟು ದಿನ ಹಿಂಗೆ ಕಾಡ್ತೀಯ ತಾಯಿ?"

ಗಂಟಿನೊಳಗಿಂದ ಒಂದು ಸೂಜಿ ಸಿಕ್ಕಿತು. ಡಬ್ಬಿಗೆ ಹಾಕಿದೆ. ಆಮೇಲೆ ತಲೆ ಎತ್ತಿದೆ.

"ಮಗಳಿಗೆ ಹದಿನೆಂಟು ತುಂಬೋವರೆಗೆ ಅಂತ ಆರ್ಡರಲ್ಲಿದೆ ಸಾರ್" ಅಂದೆ. "ಅವಳಿಗೀಗ ಆರು."